ಸ್ಪೈಟ್ ಅಂದರೆ ಏನ್ರಿ ಸರ್?

ಇಂಗ್ಲಿಷ್ ಮೇಷ್ಟ್ರಿಗೆ ಇಂಥ ಫಜೀತಿ ತಪ್ಪಿದ್ದಲ್ಲ. ಗಣಿತದವರನ್ನು ಯಾರೂ ರಸ್ತೆಯಲ್ಲಿ ನಿಲ್ಲಿಸಿ ಲೆಕ್ಕ ಕೇಳುವುದಿಲ್ಲ. ನನ್ನನ್ನು ಮಾತ್ರ ಜಹೀರಾಬಾದಿನ ಬಸ್‌ಸ್ಟ್ಯಾಂಡಿನಲ್ಲೂ ಹಿಡಿದು ಶಬ್ದದ ಅರ್ಥ ಕೇಳುತ್ತಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು ಆಡುವ ನಮ್ಮ ಮಂದಿಗೆ ಒಂದು ಅರ್ಥ ಹೇಳಿದರೆ ಸಾಲುವುದಿಲ್ಲ, ಮೂರು ಭಾಷೆಯಲ್ಲೂ ತೂಗಿ ನೋಡುತ್ತಾರೆ. ಹೆಚ್ಚಿನ ಶಬ್ದಗಳು ಸುಮ್ಮನೆ ಬಂದು ಹೋದವು. ಒಂದು ಮಾತ್ರ ನನ್ನ ಮನೆಗೇ ಬಂದು ಕೂತಿತು.

೧

ಜಹೀರಾಬಾದಿನ ಕಾಲೇಜಿನಲ್ಲಿ ಇಂಟರ್ ಮೊದಲ ವರ್ಷದ ಪಾಠ. ಮಧ್ಯದಲ್ಲಿ 'ಸ್ಪೈಟ್' ಎಂಬ ಶಬ್ದ ಬಂತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಸಿರ್ಗಾಪುರದ ಕಡೆಯವಳು, ಎದ್ದು ನಿಂತಳು.

"ಸ್ಪೈಟ್ ಅಂದರೆ ಏನ್ರಿ ಸರ್?"

"ದ್ವೇಷ" ಅಂದೆ.

"ಅದಕ್ಕ ಹೇಟ್ ಅಂತ ಹೋದ ವಾರ ಹೇಳೀರಲ್ರಿ."

"ಹಾಗಾದರೆ ಹೊಟ್ಟೆಕಿಚ್ಚು."

"ಅದು ಜೆಲಸಿ ಅಂತ ಬರಸೀರಿ ಸರ್. ನೋಟ್ಸಿನ್ಯಾಗ ಅದ."

ನೋಟ್ಸ್ ಬರೆದುಕೊಳ್ಳುವ ವಿದ್ಯಾರ್ಥಿಗಳಷ್ಟು ಅಪಾಯದವರು ಬೇರೆ ಇಲ್ಲ. ಜಿದ್ದು ಎನ್ನೋಣವೆಂದರೆ ಜಿದ್ದಿನಲ್ಲಿ ಗೆಲ್ಲುವ ಆಸೆ ಇರುತ್ತದೆ. ಇದರಲ್ಲಿ ಗೆಲ್ಲುವುದು ಬೇಕಾಗಿಲ್ಲ, ಎದುರಿನವನಿಗೆ ಕಿರಿಕಿರಿ ಆದರೆ ಸಾಕು. ಅದಕ್ಕಾಗಿ ನಮಗೇ ನಷ್ಟವಾದರೂ ನಡೆಯುತ್ತದೆ. ಇಷ್ಟನ್ನು ಬಿಡಿಸಿ ಹೇಳುವಷ್ಟರಲ್ಲಿ ನನಗೆ ಬೆವರು ಬಂತು. ಹುಡುಗಿಯ ಮುಖ ಮಾತ್ರ ಅರಳಿತು.

"ತಿಳೀತ್ರಿ ಸರ್! ನಮ್ಮ ಆಯಿ ಮಾಡ್ಯಾಳಲ್ಲ, ಅದು. ಬಾಜೂ ಮನಿ ಮುದುಕಿ ನಮ್ಮ ಬೇವಿನಮರದ ನೆಳ್ಳಾಗ ಕೂಡತಿದ್ಳು. ಅಕಿ ಕೂಡಬಾರದು ಅಂತ ಆಯಿ ಮರಾನೇ ಕಡಿಸಿದ್ಳು."

ಇಡೀ ನಿಘಂಟಿನಲ್ಲಿ ಇಷ್ಟು ಚೊಕ್ಕ ಉದಾಹರಣೆ ಸಿಕ್ಕಿರಲಿಲ್ಲ. "ಈಗ ನಿಮ್ಮ ಅಜ್ಜಿ ಎಲ್ಲಿ ಕೂಡುತ್ತಾರೆ?" ಎಂದು ಕೇಳಿದೆ.

"ಇಬ್ರೂ ಎದುರು ಮನಿ ಕಟ್ಟಿಗಿ ಹೋಗಿ ಕೂಡತಾರ್ರಿ. ಅಕಿ ಈ ತುದಿಗಿ, ಇಕಿ ಆ ತುದಿಗಿ."

೨

ತಾಂಡೂರಿನಲ್ಲಿ ನನ್ನ ಹೆಂಡತಿಯ ತವರು. ಮಾವ ಕರಣಕೋಟದ ಕಡೆ ಕೆಲಸ ಮಾಡಿ ನಿವೃತ್ತರಾದವರು. ಅವರ ಪಕ್ಕದ ಮನೆಯಾತ ಒಮ್ಮೆ ತನ್ನ ಮಾಳಿಗೆಯ ಗೋಡೆಯನ್ನು ಎರಡು ಅಡಿ ಏರಿಸಿದ. ಮಾವ ಸುಮ್ಮನಿರಲಿಲ್ಲ. ಬೇಕಿರಲಿ ಬೇಡವಿರಲಿ, ತಮ್ಮ ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸಿದರು. ಕಲ್ಲುಗಣಿಗಳ ಊರಾದ ತಾಂಡೂರಿನಲ್ಲಿ ಕಲ್ಲಿಗೇನು ಬರ? ಕೋಣೆಯ ಮೇಲೆ ಇನ್ನೊಂದು ಕಟ್ಟೆಯನ್ನೂ ಎತ್ತಿಸಿದರು.

ನಾನು ಹೋದಾಗ ಊಟಕ್ಕೆ ಕೂತು ಅದೇ ಮಾತು. ಕಲಿಸುವ ಚಟ ಬಿಡಬೇಕಲ್ಲ, ನಾನು ಸ್ಪೈಟ್ ಶಬ್ದದ ಹುಟ್ಟನ್ನು ಬಿಚ್ಚಿದೆ. "ಮಾವಾರ, ಲ್ಯಾಟಿನ್ ಭಾಷಾದಾಗ ಇದರ ಬೇರು ಮ್ಯಾಲಿಂದ ಕೆಳಗ ನೋಡೋದು ಅಂತ. ಫ್ರೆಂಚರ ಬಾಯಾಗ ಅದು ಡೆಸ್ಪಿಟ್ ಆತು, ತಿರಸ್ಕಾರ ಅನ್ನೋ ಅರ್ಥ ಬಂತು. ಇಂಗ್ಲಿಷಿಗಿ ಬಂದ ಮ್ಯಾಲ ಮೊದಲಿನ 'ಡೆ' ಉದುರಿ ಸ್ಪೈಟ್ ಆಗಿ, ಸಣ್ಣತನದ ಕೇಡಿಗಿ ಬಂದು ನಿಂತದ."

ಅವರು ನಾಚಿಕೊಂಡಾರು ಎಂದು ಇದನ್ನೆಲ್ಲ ಹೇಳಿದ್ದೆ. ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಗಮನವಿಟ್ಟು ಕೇಳಿದರು.

"ಮ್ಯಾಲಿಂದ ಕೆಳಗ ನೋಡೋದು. ಚಲೋ ಶಬ್ದ ಅದ. ಆದ್ರ ಅಳ್ಯಾರ, ಕೋಣಿ ಕಟ್ಟಿಸಿದಾಗಿಂದ ನಾ ಒಂದು ಸಲಾನೂ ನೋಡಿಲ್ಲ. ಮೊಣಕಾಲು ಏರಗೊಡಂಗಿಲ್ಲ. ನೀವು ಉಂಡು ಮ್ಯಾಲ ಏರಿ, ನನ್ನ ಪರವಾಗಿ ಒಂದೀಟು ಕೆಳಗ ನೋಡಿ ಬರ್ರಿ."

ಅಳಿಯನಾದವನು ಇಲ್ಲ ಎನ್ನುವುದು ಹೇಗೆ? ಏರಿ ನೋಡಿದೆ. ಕೆಳಗೆ ಪಕ್ಕದ ಮನೆಯಾತ ಖುರ್ಚಿ ಹಾಕಿಕೊಂಡು ಮೇಲೆಯೇ ನೋಡುತ್ತಿದ್ದ.

"ನಮಸ್ಕಾರ್ರಿ ಅಳ್ಯಾರ. ಇವತ್ತು ನಿಮ್ಮ ಪಾಳಿ ಏನ್ರಿ?" ಅಂದ.

೩

ಇಲ್ಲಿಯವರೆಗೆ ನಗುವುದು ಸುಲಭ. ಇನ್ನು ನನ್ನದು.

ನಮ್ಮ ಕಡೆ ಮದುವೆಯಲ್ಲಿ ಆಯೇರ ಮಾಡುವುದೆಂದರೆ ಬಟ್ಟೆ ಕೊಡುವುದು. ಶರ್ಟ್ ಪೀಸು, ಕುಪ್ಪಸದ ಖಣ, ಟವೆಲ್ಲು. ಯಾರು ಏನು ತಂದರೆಂದು ಮೈಕಿನಲ್ಲಿ ಕೂಗುತ್ತಾರೆ. ಬಂದದ್ದನ್ನು ಹೊಲಿಸುವವರು ಕಡಿಮೆ. ಅದು ಟ್ರಂಕಿಗೆ ಹೋಗುತ್ತದೆ, ಟ್ರಂಕಿನಿಂದ ಮುಂದಿನ ಮದುವೆಗೆ ಹೋಗುತ್ತದೆ. ಇದರಲ್ಲಿ ನಾಚಿಕೆ ಏನೂ ಇಲ್ಲ. ಕೊಟ್ಟವರ ಮನೆಗೇ ತಿರುಗಿ ಹೋಗಬಾರದು, ಅಷ್ಟೇ ಕಾಯ್ದೆ. ಅದಕ್ಕಾಗಿ ನನ್ನ ಹೆಂಡತಿ ಒಂದೊಂದು ಬಟ್ಟೆಗೂ ಹೆಸರಿನ ಚೀಟಿ ಬರೆದು ಗುಂಡುಪಿನ್ನು ಚುಚ್ಚಿರುತ್ತಾಳೆ.

ಮೂರು ವರ್ಷದ ಹಿಂದೆ, ನಾರಾಯಣಖೇಡದಲ್ಲಿ ಅಣ್ಣನ ಮಗನ ಮದುವೆ. ಹಿಂದಿನ ದಿನ ಟ್ರಂಕು ತೆಗೆದವನು ನಾನು. ಪಿನ್ನು ಬೆರಳಿಗೆ ಚುಚ್ಚಿತು. ಸಿಟ್ಟಿಗೆ ಎಲ್ಲ ಪಿನ್ನು, ಎಲ್ಲ ಚೀಟಿ ಕಿತ್ತು ಒಂದು ಡಬ್ಬಿಗೆ ಹಾಕಿದೆ. ಬುದ್ಧಿವಂತಿಕೆ!

ಮರುದಿನ ಮೈಕಿನವನು ಕೂಗಿದ: "ಹುಡುಗನ ಕಾಕಾ ಅವರಿಂದ ಶರ್ಟ್ ಪೀಸು!" ಅಣ್ಣ ಅದನ್ನು ಎತ್ತಿ ನೋಡಿದ. ಬದನೆಕಾಯಿ ಬಣ್ಣ. ಅವನ ಮುಖವೂ ನಿಧಾನಕ್ಕೆ ಅದೇ ಬಣ್ಣಕ್ಕೆ ತಿರುಗಿತು.

"ಇದು ನಿನ್ನ ಹೊಸ ಮನಿ ವಾಸ್ತುಶಾಂತಿಗಿ ನಾ ಕೊಟ್ಟಿದ್ದು."

"ಇಲ್ಲೋ ಅಣ್ಣಾ, ಇಂಥಾ ಬಣ್ಣ ಮಸ್ತು ಸಿಗತಾವ."

"ಎಲ್ಲೂ ಸಿಗಂಗಿಲ್ಲ! ಇಂಥಾ ಹೊಲಸು ಬಣ್ಣ ಇಡೀ ಬಜಾರದಾಗ ಇದೊಂದೇ ಇತ್ತು. ಯಾರೂ ಒಯ್ಯಲಾರದ್ದಕ್ಕ ಅಂಗಡಿಯಾಂವ ಅಗ್ಗಕ್ಕ ಕೊಟ್ಟಿದ್ದ. ನಾನೇ ಹುಡುಕಿ ನಿನಗ ತಂದಿದ್ದೆ!"

೪

ಬೇಕೆಂದೇ ಹೀಗೆ ಮಾಡಿದೆ ಎಂದು ಅಣ್ಣ ತಿಳಿದ. ಮಾತು ಬಿಟ್ಟ. ನಾನು ಎರಡು ಸಲ ಹೋಗಿ ಚೀಟಿ-ಪಿನ್ನಿನ ಕಥೆ ಹೇಳಿದೆ, ನಂಬಲಿಲ್ಲ. ಆಮೇಲೆ ನನಗೂ ಹಟ ಬಂತು. ಅಪ್ಪ ತೀರಿಕೊಂಡಾಗ ನಾನು ಸಣ್ಣವನು. ಓದಿಸಿ ಮೇಷ್ಟ್ರನ್ನಾಗಿ ಮಾಡಿದವನು ಇದೇ ಅಣ್ಣ. ಅವನು ಮಾತಾಡದ ಮೂರು ವರ್ಷ ನನಗೆ ಊಟ ರುಚಿಸಿಲ್ಲ ಎಂದರೆ ಸುಳ್ಳು, ಉಂಡಿದ್ದೇನೆ. ಆದರೆ ಹಬ್ಬ ಹಬ್ಬ ಅನಿಸಲಿಲ್ಲ.

ಈ ವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ಅಣ್ಣ ಬಾರದೆ ಅದು ಮದುವೆ ಹೇಗಾದೀತು? ಹೆಂಡತಿಯನ್ನು ಕರೆದುಕೊಂಡು ಲಗ್ನಪತ್ರಿಕೆ ಕೊಡಲು ಹೋದೆ. ಅಣ್ಣ ಎರಡು ಮಾರು ದೂರದಲ್ಲಿ ಕೂತು ನಮ್ಮ ವೈನಿಗೆ, ಅಂದರೆ ತನ್ನ ಹೆಂಡತಿಗೆ, ಹೇಳಿದ: "ಅಂವಗ ಹೇಳು, ಲಗ್ನಕ್ಕ ಬರತೀನಿ. ಊಟ ಮಾಡಂಗಿಲ್ಲ."

ನಾನು ನನ್ನ ಹೆಂಡತಿಗೆ ಹೇಳಿದೆ: "ಅಣ್ಣಗ ಹೇಳು, ಬಂದರ ಉಣ್ಣಲೇಬೇಕಂತ."

ಹೀಗೆ ನಾಲ್ಕು ಸುತ್ತು ನಡೆಯಿತು. ಹೆಂಗಸರು ಬೇಸತ್ತು ಛಾ ಮಾಡಲು ಒಳಗೆ ಹೋದರು. ಹೇಳಿ ಕಳಿಸಲು ಯಾರೂ ಇಲ್ಲದೆ ನಾವಿಬ್ಬರೂ ಗೋಡೆ ನೋಡುತ್ತ ಕೂತೆವು. ಛಾ ಆಗುವವರೆಗೂ ಜಗಳ ಬಂದ್.

೫

ಮದುವೆಗೆ ಅಣ್ಣ ಬಂದ. ನಮ್ಮ ಅಪ್ಪನ ಜಾಗದಲ್ಲಿ ನಿಂತು ನನ್ನ ಮಗಳ ತಲೆ ಮೇಲೆ ಅಕ್ಷತೆ ಹಾಕಿದ, ಕಣ್ಣೊರೆಸಿಕೊಂಡ, ಹೋಗಿ ಮಂಟಪದ ಮೂಲೆಯಲ್ಲಿ ಖುರ್ಚಿ ಹಾಕಿಕೊಂಡು ಕೂತ. ಊಟಕ್ಕೆ ಏಳಲಿಲ್ಲ.

ಮುನಿಸಿಕೊಂಡವರನ್ನು ನಮ್ಮ ಮನೆತನದಲ್ಲಿ ಮೂರು ಸಲ ಕೈ ಹಿಡಿದು ಕರೆಯಬೇಕು. ಎರಡು ಸಲ ಒಲ್ಲೆ ಎನ್ನುವುದು ಅವರ ಹಕ್ಕು, ಮೂರನೆಯದಕ್ಕೆ ಏಳುವುದು ಪದ್ಧತಿ. ನಾನು ಒಂದು ಸಲ ಕರೆದೆ, ಮುಖ ತಿರುಗಿಸಿದ. ಎರಡನೇ ಸಲ ಕರೆದೆ, ಕೈ ಕೊಸರಿಕೊಂಡ. ಬೀಗರು ನೋಡುತ್ತಿದ್ದರು. ನನ್ನ ತಲೆ ಕೆಟ್ಟಿತು. ಮೂರನೇ ಸಲ ಕರೆಯಲೇ ಇಲ್ಲ. ಕೂಡಲಿ, ಎಷ್ಟೊತ್ತು ಕೂಡುತ್ತಾನೆ ನೋಡೋಣ ಎಂದುಕೊಂಡೆ.

ಅಣ್ಣ ಹಸಿವು ತಡೆಯುವ ಮನುಷ್ಯನಲ್ಲ. ಅದು ನನಗೆ ಗೊತ್ತಿತ್ತು. ಅವನು ಉಪವಾಸ ಕೂತಿರುವಾಗ ನಾನು ಹೇಗೆ ಉಣ್ಣಲಿ? ನಾನೂ ಉಣ್ಣಲಿಲ್ಲ. ಮೂರು ಗಂಟೆಯಾಯಿತು. ಕಡೆಯ ಪಂಕ್ತಿ ಎದ್ದಿತು. ಈ ಮೂಲೆಗೆ ನಾನು, ಆ ಮೂಲೆಗೆ ಅವನು. ನೋಡಿದರೆ ಈಗ ಆ ಖುರ್ಚಿಯೂ ಖಾಲಿ. ಹೇಳದೆ ಕೇಳದೆ ಹೊರಟೇಹೋದ ಎಂದುಕೊಂಡೆ. ಎಲ್ಲಿಯ ಹಟ, ಮೂರನೇ ಸಲ ಕರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅಳು ಬರುವಂತಾಯಿತು.

ಆಗ ನಾನು ಅಡಿಗೆ ಶೆಡ್ಡಿನ ಹಿಂದಕ್ಕೆ ಹೋದೆ. ಅಣ್ಣನನ್ನು ಹುಡುಕಲು ಹೋದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಖರೆ ಹೇಳಬೇಕೆಂದರೆ, ಹೊಟ್ಟೆ ಚುರುಗುಡುತ್ತಿತ್ತು.

ಅಡಿಗೆಯವನನ್ನು ಮಾವ ತಾಂಡೂರಿನಿಂದ ಕಳಿಸಿದ್ದರು, ಅವನಿಗೆ ನನ್ನ ಮುಖದ ಪರಿಚಯವಿಲ್ಲ. "ಬರ್ರಿ ಯಜಮಾನ್ರ, ನಾಚಬ್ಯಾಡ್ರಿ, ಕೂಡ್ರಿ" ಎಂದು ಕೈಗೆ ತಟ್ಟೆ ಕೊಟ್ಟ. "ಇಲ್ಲೊಬ್ರು ಹಿರೇರು ಮುಂಜಾನಿಂದ ಉಪಾಸ ಇದ್ರಂತ. ಹುಡಿಗಿ ಅಪ್ಪ ಎರಡೇ ಸಲ ಕರದು ಕೈಬಿಟ್ಟನಂತ. ಎಂಥಾ ಮಂದಿ ಇರತಾರ್ರಿ!"

"ಹೌದ್ರಿ, ಎಂಥಾ ಮಂದಿ" ಎಂದು ತಿರುಗಿ ನೋಡಿದೆ. ಬೋರಲು ಹಾಕಿದ ಕೊಪ್ಪರಿಗೆಯ ಮೇಲೆ ಅಣ್ಣ ಕೂತಿದ್ದ. ತೊಡೆಯ ಮೇಲೆ ತಟ್ಟೆ, ಮೀಸೆಯ ತುಂಬ ಬೆಲ್ಲದ ಗೋಧಿ ಹುಗ್ಗಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅಡಿಗೆಯವನು ಹುಗ್ಗಿಯ ಸೌಟು ಎತ್ತಿ ನನ್ನ ತಟ್ಟೆಯ ಕಡೆ ತಂದ. ಅಷ್ಟರಲ್ಲಿ ಅಣ್ಣ ಬಾಯಿ ತೆರೆದ.

"ಅಂವಗ ಹುಗ್ಗಿ ನೀಡಬ್ಯಾಡ. ಶುಗರ್ ಅದ."

ನನಗೆ ಶುಗರ್ ಎಂದು ಗೊತ್ತಾಗಿದ್ದು ಹೋದ ವರ್ಷ. ಹೆಂಡತಿಯ ಹೊರತು ಯಾರಿಗೂ ಹೇಳಿರಲಿಲ್ಲ.

"ನಿನಗ ಯಾರು ಹೇಳಿದ್ರೋ ಅಣ್ಣಾ?" ಅಂದೆ.

"ತಿಂಗಳಾ ತಿಂಗಳಾ ನಿನ್ನ ಹೆಂಡತಿಗಿ ಫೋನ್ ಮಾಡಿ ಕೇಳತೀನಿ. ನಿನಗ್ಯಾಕ ಬೇಕು ಅದು?" ಎಂದು ಮೂರು ವರ್ಷದ ಮೇಲೆ ನೇರವಾಗಿ ನನ್ನನ್ನೇ ಗದರಿ, ಅಡಿಗೆಯವನ ಕಡೆ ತಟ್ಟೆ ಚಾಚಿದ. "ಅವನ ಪಾಲಿನ ಹುಗ್ಗಿ ಈ ಕಡಿ ಹಾಕು. ಅಂವಗ ರೊಟ್ಟಿ ಕೊಡು."

ಆಮೇಲೆ ಕೊಪ್ಪರಿಗೆಯ ಮೇಲೆ ಸರಿದು ನನಗೂ ಜಾಗ ಮಾಡಿದ. ನಾನು ಒಣ ರೊಟ್ಟಿ ಮುರಿಯುತ್ತಿದ್ದರೆ, ನನ್ನ ಪಾಲಿನ ಹುಗ್ಗಿಗೆ ಎರಡು ಸಲ ತುಪ್ಪ ಹಾಕಿಸಿಕೊಂಡು, ನನ್ನ ಮುಖವನ್ನೇ ನೋಡುತ್ತ, ಒಂದೊಂದೇ ತುತ್ತು ನಿಧಾನವಾಗಿ ತಿಂದ.