ಅರ್ಧ ನೆಟ್ಟಗೆ, ಅರ್ಧ ಗುಂಗುರು

ರಾಯಚೂರಿನಲ್ಲಿ ನಾನು ಅಂಗಡಿ ನಡೆಸಲಾರೆ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಅರಕೇರಾದಲ್ಲಿ ನಮ್ಮದು ಕುರಿ ಸಾಕುವ ಮನೆತನ. ನಾನು ಹೈದರಾಬಾದಿಗೆ ಹೋಗಿ ಹೆಂಗಸರ ಕೂದಲಿನ ಕೆಲಸ ಕಲಿತು ಬರುತ್ತೇನೆ ಎಂದಾಗ ಅವನು ಇಡೀ ಕಟ್ಟೆಗೆ ಕೇಳುವ ಹಾಗೆ ನಕ್ಕ.

"ಕುರಿ ತುಪ್ಪಟ ಕತ್ತರಸೋರ ಮಗಳು ಸಾವ್ಕಾರರ ಹೆಂಡ್ರ ಕೂದ್ಲ ಕತ್ತರಸ್ತಾಳಂತ! ಹೊಳ್ಳಿ ಬರ್ತಾಳ, ನೋಡ್ರಿ. ಆಕಿ ಪಾಲಿನ ಕತ್ರಿ ತೆಗೆದಿಡ್ರಿ."

ನಾನು ಹೊಳ್ಳಿ ಹೋಗಲಿಲ್ಲ. ಆದರೆ ಈ ದಂಧೆಯಲ್ಲಿ ಕೂತ ಮೇಲೆ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಇರುತ್ತದೆ. ಊರವರ ತಲೆ ನಮ್ಮ ಕೈಯಲ್ಲಿರುತ್ತದೆ, ನಮ್ಮ ತಲೆ ಊರವರ ಬಾಯಲ್ಲಿರುತ್ತದೆ.

ನನ್ನದು ಹುಟ್ಟಾ ಗುಂಗುರು ಕೂದಲು. ಓಣಿಯ ಹುಡುಗರು ನನ್ನನ್ನು ಕಂಡರೆ "ಬ್ಯಾ" ಎನ್ನುತ್ತಿದ್ದರು. ಹೈದರಾಬಾದಿನಲ್ಲಿ ಕೆಲಸ ಕಲಿಸಿದ ಪಾರ್ಲರಿನ ಒಡತಿ ಮೊದಲ ದಿನವೇ ನನ್ನನ್ನು ಕನ್ನಡಿ ಮುಂದೆ ನಿಲ್ಲಿಸಿ, ನಿನ್ನ ತಲೆಯೇ ನಿನ್ನ ಅಂಗಡಿಯ ಬೋರ್ಡು, ಇದನ್ನು ನೋಡಿ ಯಾರು ಒಳಗೆ ಬರುತ್ತಾರೆ ಎಂದು ಕೇಳಿದಳು. ಒಂದು ಮುಲಾಮು ಹಚ್ಚಿ ನನ್ನ ಕೂದಲನ್ನು ಜೋಳದ ದಂಟಿನಷ್ಟು ನೆಟ್ಟಗೆ ಮಾಡಿ ಕಳಿಸಿದಳು. ಕೂದಲಿನ ಜೊತೆಗೆ ನಾನೂ ನೆಟ್ಟಗೆ ನಡೆಯುತ್ತ ರಾಯಚೂರಿಗೆ ಬಂದೆ.

ತತ್ತಿ ವಾಸನೆ

ಅಂಗಡಿಗೆ ಸಿಕ್ಕಿದ್ದು ಒಬ್ಬ ಅವ್ವನವರ ಮನೆಯ ಮುಂದಿನ ಕೋಣೆ. ಅವರು ಮಡಿವಂತರು. ಈರುಳ್ಳಿ ಹೆಚ್ಚಿದ ಕೈಯಲ್ಲಿ ಬಾಗಿಲು ಮುಟ್ಟಿದರೂ ಬಾಗಿಲು ತೊಳೆಸುವವರು.

ಆ ಮುಲಾಮಿನ ವಾಸನೆ ಹಚ್ಚಿಸಿಕೊಂಡವರಿಗೇ ಗೊತ್ತು. ಕೊಳೆತ ತತ್ತಿಯನ್ನು ಬಿಸಿಲಿನಲ್ಲಿ ಒಡೆದ ಹಾಗೆ. ಮೊದಲ ಗಿರಾಕಿಯ ತಲೆಗೆ ಹಚ್ಚಿ ಇನ್ನೂ ಟವೆಲ್ಲು ಸುತ್ತಿಲ್ಲ, ಒಳಗಿನಿಂದ ಅವ್ವನವರ ದನಿ ಬಂತು.

"ಯಾರದು? ನಮ್ಮ ಮನ್ಯಾಗ ತತ್ತಿ ಕುದಿಸಾಕತ್ತೋರು ಯಾರದು?"

ಮೂಗಿಗೆ ಸೆರಗು ಹಿಡಿದುಕೊಂಡೇ ಬಂದರು. ಸ್ಟೋವ್ ಹುಡುಕಿದರು. ಬಕೆಟ್ಟಿನೊಳಗೆ ಇಣುಕಿದರು. ಕೊನೆಗೆ ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯ ತಲೆಯ ಮೇಲೆ ಬಗ್ಗಿ ಮೂಸಿ, ಎರಡು ಹೆಜ್ಜೆ ಹಿಂದೆ ಹಾರಿದರು.

"ತತ್ತಿ ತಲಿಗೆ ಹಚ್ಚೀಯೇನು?"

"ಇಲ್ರೀ ಅವ್ವಾರ, ಇದು ಔಷಧ. ಗುಂಗುರು ಕೂದ್ಲ ನೆಟ್ಟಗ ಆಗ್ತದ."

"ಔಷಧದಾಗ ತತ್ತಿ ಹಾಕ್ಯಾರೇನು?"

"ಹಾಕಿಲ್ರೀ."

"ಹಾಕಿಲ್ಲಂದ್ರ ಯಾಕ ನಾರತದ? ಹಾಕಬೇಕಂತ ಮನಸ್ಸಿನ್ಯಾಗ ಇಟ್ಕೊಂಡು ಮಾಡಿರ್ತಾರ. ನಾಳೆನಽ ಕೋಣಿ ಖಾಲಿ ಮಾಡು."

ಸಂಜೆ ಗಿರಾಕಿ ತಲೆ ತೊಳೆದುಕೊಂಡು, ಕೂದಲು ಬಿಟ್ಟುಕೊಂಡು ಅಂಗಳ ದಾಟಿ ಹೋದಳು. ಅವ್ವನವರು ಕಿಟಕಿಯಿಂದ ನೋಡಿದರು. ಕೋಣೆ ಖಾಲಿ ಮಾಡುವ ಮಾತು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಒಂದು ಮಧ್ಯಾಹ್ನ ಓಣಿಯವರೆಲ್ಲ ಮಲಗಿದ ಮೇಲೆ ಹಿಂದಿನ ಬಾಗಿಲಿನಿಂದ ಅವರೇ ಬಂದು ಕುರ್ಚಿಯಲ್ಲಿ ಕೂತರು. ಮಾತು ಮೂಗಿನಿಂದ ಬರುತ್ತಿತ್ತು.

"ನನಗೂ ಒಂದೀಟು ಹಚ್ಚು. ಮೂಗಿನ್ಯಾಗ ಕರ್ಪೂರ ಇಟ್ಕೊಂಡು ಬಂದೀನಿ."

ಜಾರಿದ ಚವರಿ

ಆ ಮುಲಾಮಿನಿಂದ ಅಂಗಡಿ ಚೆನ್ನಾಗಿ ನಡೆಯಿತು. ಆದರೆ ಗುಂಗುರು ಕೂದಲು ಸಾಯುವುದಿಲ್ಲ, ಬುಡದಿಂದ ಮತ್ತೆ ಹುಟ್ಟುತ್ತದೆ. ಹುಟ್ಟಿದಾಗಲೆಲ್ಲ ಮತ್ತೆ ಹಚ್ಚಬೇಕು. ಹಚ್ಚಿ ಹಚ್ಚಿ ನನ್ನ ಕೂದಲು ಹುಲ್ಲಿನ ಹಾಗೆ ಮುರಿಯತೊಡಗಿತು. ಒಂದು ಸಲ ನೆತ್ತಿ ಸುಟ್ಟು ಗುಳ್ಳೆ ಎದ್ದು, ವಾರಗಟ್ಟಲೆ ಕವುಚಿ ಮಲಗಿದೆ. ಆಗ ನಿರ್ಧಾರ ಮಾಡಿದೆ: ಇನ್ನು ನನ್ನ ತಲೆಗೆ ಆ ಮುಲಾಮು ಮುಟ್ಟಿಸುವುದಿಲ್ಲ, ಬೇರೆಯವರ ತಲೆಗೂ ಇಲ್ಲ.

ನನ್ನ ಗಂಡ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಂಜೆ ತಲೆ ತುಂಬ ಹತ್ತಿಯ ಎಳೆ ಮೆತ್ತಿಕೊಂಡು ಬಂದವನು ಸುದ್ದಿ ಕೇಳಿ ಹಾಗೆಯೇ ಕುಕ್ಕರಿಸಿದ.

"ಜನ ಬರೋದಽ ನೆಟ್ಟನ ಕೂದ್ಲಕ್ಕ. ಅದನ್ನ ಬಿಟ್ರ ಅಂಗಡಿ ನಡೀತದೇನು?"

"ನಡೀತದ."

"ಹೆಂಗ?"

"ನಾನು ನಡಸ್ತೀನಿ."

ಹೇಗೆ ಎನ್ನುವುದು ನನಗೂ ಗೊತ್ತಿರಲಿಲ್ಲ. ಆದರೆ ಹೇಳಿದ ಮೇಲೆ ಮುಗಿಯಿತು. ನನ್ನ ಹಟ ನನ್ನ ಕೂದಲಿನಂಥದು, ಎಷ್ಟು ಎಳೆದರೂ ಬಿಟ್ಟ ಕೂಡಲೇ ತನ್ನ ಜಾಗಕ್ಕೆ ಹೋಗುತ್ತದೆ.

ಕೆಲವು ತಿಂಗಳಲ್ಲಿ ನನ್ನ ತಲೆ ಎರಡು ನಮೂನೆ ಆಯಿತು. ಬುಡದಿಂದ ಬೆರಳುದ್ದ ಸುರುಳಿ ಸುರುಳಿ, ಅಲ್ಲಿಂದ ಕೆಳಗೆ ದಂಟಿನಂತೆ ನೆಟ್ಟಗೆ. ಜಡೆ ಹಾಕಿದರೆ ಮೇಲಿನದು ಒಬ್ಬಳದು, ಕೆಳಗಿನದು ಇನ್ನೊಬ್ಬಳದು ಎನ್ನುವ ಹಾಗೆ ಕಾಣುತ್ತಿತ್ತು. ಹಳೆಯ ಗಿರಾಕಿ ಒಬ್ಬರು ಬಾಗಿಲಲ್ಲೇ ನಿಂತು, "ನಿಮ್ಮ ಔಷಧ ಮ್ಯಾಲಿಂದ ಕರಗಾಕತ್ತದಲ್ರೀ" ಎಂದು ಹೇಳಿ ಒಳಗೆ ಬಾರದೆ ಹೋದರು.

ಆಗ ಒಂದು ದಿನ ತೀನ್ ಕಂದೀಲ್ ಚೌಕದ ಹತ್ತಿರ ಬದನೆಕಾಯಿ ಆರಿಸುತ್ತಿದ್ದೆ. ಮಾರುವವಳು ತಕ್ಕಡಿ ಕೆಳಗಿಟ್ಟು ಪಿಸುಗುಟ್ಟಿದಳು.

"ಯಕ್ಕಾ, ನಿನ್ನ ಚವರಿ ಜಾರಾಕತ್ತದ."

ಚವರಿ ಎಂದರೆ ಜಡೆ ಉದ್ದ ಕಾಣಲಿ ಎಂದು ಕಟ್ಟಿಕೊಳ್ಳುವ ಸುಳ್ಳು ಕೂದಲು. "ಚವರಿ ಅಲ್ಲ ಬೇ, ನಂದಽ ಕೂದ್ಲ" ಎಂದೆ.

"ಎಲ್ಲಾರೂ ಹಂಗಽ ಅಂತಾರ. ನಾನೂ ಹಂಗಽ ಅಂತೀನಿ" ಎಂದು ತನ್ನ ಜಡೆಯನ್ನು ಅರ್ಧ ಕಳಚಿ ತೋರಿಸಿ ಮತ್ತೆ ಸಿಕ್ಕಿಸಿಕೊಂಡಳು. "ಬಾ ಇಲ್ಲೆ, ಮಂದಿ ನೋಡೋದ್ರಾಗ ಏರಿಸಿ ಕಟ್ಟತೀನಿ."

ನಾನು ಬೇಡ ಎನ್ನುವುದರೊಳಗೆ ಜಡೆ ಹಿಡಿದು ಜಗ್ಗಿದಳು. ನನ್ನ ಕಣ್ಣಲ್ಲಿ ನೀರು ಬಂತು. ಜಡೆ ಬರಲಿಲ್ಲ. ಕಾಲು ಗಟ್ಟಿ ಊರಿ ಇನ್ನೊಮ್ಮೆ ಜಗ್ಗಿದಳು. ನಾನು ಬದನೆಕಾಯಿ ಗುಂಪಿನ ಮೇಲೆ ಬಿದ್ದೆ. ಅವಳು ಸಿಟ್ಟಾಗಲಿಲ್ಲ. ನನ್ನ ಜಡೆಯನ್ನು ಕೈಯಲ್ಲೇ ಹಿಡಿದು ಬೆರಗಾಗಿ ಕೇಳಿದಳು.

"ಏನ್ ಗಟ್ಟಿ ಹೊಲದಾರ ಬೇ! ಯಾವ ಅಂಗಡ್ಯಾಗ ಕೊಂಡಿ? ನನಗೂ ಇಂಥಾದ್ದೊಂದು ಬೇಕು."

ಗಂಡ ಇದ್ದಾನೆ, ನೋಡಿರಿ

ಇನ್ನು ಕೆಳಗಿನ ನೆಟ್ಟನೆಯ ಭಾಗವನ್ನು ಕತ್ತರಿಸಲೇಬೇಕಿತ್ತು. ಎಲ್ಲರ ಕೂದಲು ಕತ್ತರಿಸುವವಳು ನಾನು, ನನ್ನದನ್ನು ಕತ್ತರಿಸುವವರು ಯಾರು? ಹಿಂದಿನದು ನನಗೇ ಕಾಣುವುದಿಲ್ಲ. ಗಂಡನ ಕೈಗೆ ಕತ್ತರಿ ಕೊಟ್ಟರೆ ಅವನು ಅದನ್ನು ತಿರುಗಿ ನನ್ನ ಕೈಗೇ ಕೊಟ್ಟ. ರಾಯಚೂರಿನ ಕ್ಷೌರಿಕರ ಹತ್ತಿರ ಹೋದರೆ ಸಂಜೆಗೆ ಊರೆಲ್ಲ ಸುದ್ದಿ. ಮಾನ್ವಿಯಲ್ಲಿ ನಾದಿನಿಯ ಮನೆ ಇತ್ತು. ಬಸ್ ಹತ್ತಿ ಇಬ್ಬರೂ ಅಲ್ಲಿಗೆ ಹೋದೆವು.

ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡ ಒಬ್ಬ ಮುದುಕ ಕ್ಷೌರಿಕ ಸಿಕ್ಕ. ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಅವನು ಎರಡೂ ಕೈ ಮುಗಿದ.

"ಯವ್ವಾ, ಕೊರಳಾಗ ತಾಳಿ ಅದ, ಹಣಿಮ್ಯಾಗ ಕುಂಕುಮ ಅದ. ಮುತ್ತೈದಿ ಕೂದ್ಲಕ್ಕ ಕತ್ರಿ ಹಚ್ಚಂಗಿಲ್ಲ. ನೋಡಿದ ಮಂದಿ ಏನಂದಾರು? ನಿನ್ನ ಗಂಡ ಹೋದ ಅಂತಾರ."

"ಹೋಗಿಲ್ಲಪ್ಪಾ. ಅಲ್ಲಿ ನಿಂತಾನ ನೋಡು."

ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ನನ್ನ ಗಂಡನನ್ನು ಕರೆದ.

"ತಮ್ಮಾ, ಇಲ್ಲಿ ಬಾ. ಕುರ್ಚಿ ಮಗ್ಗಲಿಗೆ ನಿಂದ್ರು. ಕತ್ರಿ ನಡಿಯೋ ತನಕ ಅಲ್ಲಾಡಬ್ಯಾಡ. ಹೋಗೋ ಮಂದಿಗೆಲ್ಲ ನೀ ಕಾಣಬೇಕು."

ಹೀಗೆ ಕೆಲಸ ಶುರುವಾಯಿತು. ನಾಲ್ಕು ಕೂದಲು ಕತ್ತರಿಸುವುದು, ರಸ್ತೆ ನೋಡುವುದು. ಯಾರಾದರೂ ನಿಂತರೆ ಮುದುಕ ಕತ್ತರಿಯಿಂದ ನನ್ನ ಗಂಡನನ್ನು ತೋರಿಸುತ್ತಿದ್ದ. "ಗಂಡ ಇದ್ದಾನ, ಇಂವಽ ನೋಡ್ರಿ." ನನ್ನ ಗಂಡ ಚಹಾದ ಅಂಗಡಿಯ ಕಡೆ ಒಂದು ಹೆಜ್ಜೆ ಇಟ್ಟರೆ, "ಎಲ್ಲಿ ಹೊಂಟಿ? ಅರ್ಧಾ ಕತ್ತರಸೀನಿ. ಈಗ ನೀ ಹೋದ್ರ ನನ್ನ ಗತಿ ಏನು?" ಎಂದು ಗದರಿಸುತ್ತಿದ್ದ.

ಅಷ್ಟರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಅಜ್ಜಿ ನನ್ನ ಮುಂದೆ ನಿಂತು ಬಾಯಿ ಬಡಿದುಕೊಂಡಳು. "ಯವ್ವಾ ನನ ಮಗಳಽ, ಇಷ್ಟು ಸಣ್ಣ ವಯಸ್ಸಿನ್ಯಾಗ ಇಂಥಾ ಹೊತ್ತು ಬಂತೇನಬೇ!"

"ಏ ಮುದುಕಿ, ಅಳಬ್ಯಾಡ. ಗಂಡ ಸತ್ತಿಲ್ಲ. ಇಲ್ಲೇ ನಿಂತಾನ ನೋಡು" ಎಂದ ಕ್ಷೌರಿಕ.

ಅಜ್ಜಿ ಅಳುವುದನ್ನು ನಿಲ್ಲಿಸಿ ನನ್ನ ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಬಿಸಿಲಲ್ಲಿ ನಿಂತು ನಿಂತು ಅವನ ಮುಖ ಬಾಡಿತ್ತು.

"ಹೌದಪ್ಪಾ, ಇದ್ದಾನ" ಎಂದಳು. "ಆದ್ರ ಜಲ್ದಿ ಮುಗಸು. ಬಾಳ ಹೊತ್ತು ತಡಿಯೋ ಹಂಗ ಕಾಣಂಗಿಲ್ಲ."

ದೇವದುರ್ಗದ ಮದುವೆ ಮನೆ

ಕತ್ತರಿಸಿದ ಮೇಲೆ ನನ್ನ ಕೂದಲು ಹೆಗಲಿಗೂ ಮುಟ್ಟದೆ ತಲೆಯ ಸುತ್ತ ಪೊದೆಯಾಗಿ ನಿಂತಿತು. ಗಿರಾಕಿಗಳು ನಿಂತೇ ಹೋದರು. ಅವ್ವನವರು ಕೋಣೆಗೆ ಬೇರೆಯವರನ್ನು ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು. ಬಾಡಿಗೆಗೆ ಅಮಾವಾಸ್ಯೆಯವರೆಗೆ ಕಾಯುತ್ತೇನೆ ಎಂದು ಅವರೇ ಹೇಳಿದರು.

ಅದೇ ಸಮಯಕ್ಕೆ ದೇವದುರ್ಗದಿಂದ ಕರೆ ಬಂತು. ದೊಡ್ಡ ಮನೆಯ ಮದುವೆ. ಮದುಮಗಳದು ಗುಂಗುರು ಕೂದಲು, ನೆಟ್ಟಗೆ ಮಾಡಬೇಕು. ಆ ಮನೆಯಲ್ಲಿ ಒಮ್ಮೆ ಹೆಸರು ಬಂದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ನಾನು ಬೇಡವೆಂದು ತೆಗೆದಿಟ್ಟ ಮುಲಾಮಿನ ಡಬ್ಬಿಯನ್ನು ಗಂಡ ತಾನೇ ನನ್ನ ಚೀಲದಲ್ಲಿ ಹಾಕಿದ. ನಾನದನ್ನು ತೆಗೆಯಲಿಲ್ಲ.

ಮದುಮಗಳು ಕೋಣೆಯಲ್ಲಿ ಕೂದಲು ಬಿಟ್ಟುಕೊಂಡು ಕೂತಿದ್ದಳು. ಸೊಂಟದವರೆಗೆ ಕರೀ ಗುಂಗುರು. ಡಬ್ಬಿಯನ್ನು ನೋಡಿ ಮೆಲ್ಲಗೆ ಕೇಳಿದಳು, "ಉರೀತದೇನ್ರೀ?"

"ಉರೀತದವ್ವಾ" ಎಂದೆ. ಡಬ್ಬಿ ಮತ್ತೆ ಚೀಲಕ್ಕೆ ಹೋಯಿತು.

ಅವಳ ತಾಯಿಗೆ ಸಿಟ್ಟು ಬಂತು. "ಬೀಗರು ಎಣ್ಣಿ ಹಚ್ಚಿ ಬಿಗಿದ ಹೆರಳು ನೋಡಿ ಒಪ್ಪ್ಯಾರ. ಈಗ ಇದನ್ನ ನೋಡಿದ್ರ ಏನಂದಾರು? ಆಗಂಗಿಲ್ಲಂದ್ರ ಎದ್ದು ಹೋಗ್ರಿ, ಬ್ಯಾರೆಯವ್ರನ್ನ ಕರಸ್ತೀವಿ."

ನಾನು ಏಳುವಾಗ ಸೆರಗು ತಲೆಯಿಂದ ಜಾರಿತು. ಅದೇ ಹೊತ್ತಿಗೆ ಮನೆಯ ಹಿರಿಯ ಅಜ್ಜಿ ಒಳಗೆ ಬಂದಳು. ಬಂದವಳು ನನ್ನ ತಲೆ ನೋಡಿ ಅಲ್ಲಿಯೇ ನಿಂತಳು.

"ಯವ್ವಾ ತಾಯಿ! ಜಡಿ!"

ನಮ್ಮ ಕಡೆ ಕೂದಲು ತಾನಾಗಿ ಗಂಟುಕಟ್ಟಿದರೆ ಜಡಿ ಬಂತು ಎನ್ನುತ್ತಾರೆ, ದೇವಿಯೇ ಬಂದಳೆಂದು ನಂಬುತ್ತಾರೆ. ಅದಕ್ಕೆ ಬಾಚಣಿಗೆ ಹಾಕುವುದಿಲ್ಲ, ಕತ್ತರಿ ಹಾಕುವುದಿಲ್ಲ. ಹಾಗೆ ನಂಬಿ ದೇವಿಗೆ ಬಿಟ್ಟ ಎಷ್ಟೋ ಹುಡುಗಿಯರ ಬಾಳು ಮದುವೆಯಿಲ್ಲದೆ ಗುಡಿಯ ಪಾಲಾಗಿದೆ. ಅಜ್ಜಿ ಸೊಂಟದ ಚೀಲದಿಂದ ಭಂಡಾರ, ಅಂದರೆ ದೇವಿಯ ಅರಿಷಿಣ ಪುಡಿ, ತೆಗೆದು ನನ್ನ ತಲೆಯ ತುಂಬ ಸುರಿದಳು. ಕಾಲಿಗೆ ಬೀಳಲು ಬಗ್ಗಿದವಳನ್ನು ನಾನು ಹಿಡಿದು ಎತ್ತಿದೆ.

"ಅಜ್ಜೀ, ಇದು ಜಡಿ ಅಲ್ಲ. ಹುಟ್ಟಾ ಗುಂಗುರು. ಬಾಚಣಿಕಿ ಹೋಗ್ತದ, ನೋಡ್ರಿ."

ಮದುಮಗಳ ಬಾಚಣಿಗೆ ತೆಗೆದುಕೊಂಡು ನನ್ನ ತಲೆಗೆ ಹಾಕಿದೆ. ಸಣ್ಣ ಹಲ್ಲಿನ ಬಾಚಣಿಗೆ, ಒಣ ಕೂದಲು, ಮೇಲೆ ಸೇರು ಭಂಡಾರ. ಬಾಚಣಿಗೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ನಾನು ಕೈ ಬಿಟ್ಟೆ. ಅದು ನೆತ್ತಿಯ ಮೇಲೆ ನೆಟ್ಟಗೆ ನಿಂತಿತು.

"ನೋಡ್ರಲೇ!" ಅಜ್ಜಿ ಕೂಗಿದಳು. "ತಾಯಿ ಬಾಚಣಿಕಿ ಕಸಗೊಂಡ್ಳು!"

ಬಾಗಿಲ ತುಂಬ ಹೆಂಗಸರು ಸೇರಿದರು. ಅಜ್ಜಿಯ ಕಣ್ಣು ಈಗ ಮೊಮ್ಮಗಳ ಕಡೆ ಹೊರಳಿತು. ಅಲ್ಲಿಯೂ ಗುಂಗುರು. "ಇಕಿಗೂ ತಾಯಿ ಒಲಿದಾಳೋ ಏನೋ..." ಎನ್ನುತ್ತ ಭಂಡಾರದ ಚೀಲಕ್ಕೆ ಮತ್ತೆ ಕೈ ಹಾಕಿದಳು.

ಮದುಮಗಳ ತಾಯಿಯ ಮುಖದ ಬಣ್ಣ ಹೋಯಿತು. ಅಕ್ಷತೆ ಬೀಳುವ ಮೊದಲು ಜಡಿಯ ಸುದ್ದಿ ಬೀಗರಿಗೆ ಮುಟ್ಟಿದರೆ ಮದುವೆ ಅಲ್ಲಿಗೇ ಮುಗಿದ ಹಾಗೆ. ಓಡಿ ಬಂದು ಅತ್ತೆಯ ಕೈ ಹಿಡಿದಳು.

"ಅತ್ತೀ, ಜಡಿ ಅಲ್ರೀ! ಗುಂಗುರು! ಬರೀ ಗುಂಗುರು!" ನನ್ನ ಕಡೆ ತಿರುಗಿದಳು. "ಯಕ್ಕಾ, ಎದ್ದು ಹೋಗಬ್ಯಾಡ್ರಿ. ಒಂದೊಂದು ಸುರುಳಿ ಬಿಡಿಬಿಡಿ ಕಾಣೋ ಹಂಗ ಮಾಡ್ರಿ. ದೂರದಿಂದ ನೋಡಿದ್ರೂ ಗುಂಗುರು ಅಂತ ತಿಳೀಬೇಕು. ಎಷ್ಟು ಬಿಡಿಬಿಡಿ ಆದ್ರ ಅಷ್ಟು ಚಲೋ!"

ಅಡುಗೆ ಮನೆಯಿಂದ ಅಗಸಿ ಬೀಜ ತರಿಸಿ ನೀರಿನಲ್ಲಿ ಕುದಿಸಿದೆ. ಆ ಲೋಳೆಯನ್ನು ಹಚ್ಚಿ, ಒಂದೊಂದೇ ಎಳೆಯನ್ನು ಬೆರಳಿಗೆ ಸುತ್ತಿ ಬಿಟ್ಟೆ. ಮದುಮಗಳು ಹಂದರಕ್ಕೆ ಬಂದಾಗ ಸುರುಳಿಗಳು ಕರೀ ದ್ರಾಕ್ಷಿ ಗೊಂಚಲಿನ ಹಾಗೆ ಇಳಿಬಿದ್ದಿದ್ದವು. ಬೀಗರ ಹೆಂಗಸರು ಇದೇನು ಎಂದು ಕೇಳಿದರು. ತಾಯಿ ಸೆರಗು ಸರಿಮಾಡಿಕೊಂಡು, "ರಾಯಚೂರಿನಿಂದ ಕರಸೀವ್ರೀ. ಈಗ ಇದಽ ಫ್ಯಾಷನ್" ಎಂದಳು.

ಅಮಾವಾಸ್ಯೆಯೊಳಗೆ ಆ ಬೀಗರ ಹೆಂಗಸರು ಜೀಪು ಮಾಡಿಕೊಂಡು ನನ್ನ ಅಂಗಡಿಗೆ ಬಂದರು. ಎಲ್ಲರದೂ ನೆಟ್ಟನೆಯ ಕೂದಲು, ಎಲ್ಲರಿಗೂ ಗುಂಗುರು ಬೇಕು. ಅವರ ಹಿಂದೆ ಬಸ್ಸಿನಲ್ಲಿ ಅಜ್ಜಿಯೂ ಬಂದಳು. ಜೊತೆಗೆ ಇನ್ನೂ ಮೂವರು ಅಜ್ಜಿಯರು, ಅರಿಷಿಣ, ಕಾಯಿ, ಊದಿನಕಡ್ಡಿ. ಪ್ರತಿ ಮಂಗಳವಾರ ಬರತೊಡಗಿದರು. ಗುಂಗುರು ಬರಲೆಂದು ತಲೆಗೆ ಚಿಂದಿ ಸುತ್ತಿಸಿಕೊಂಡು ಕೂತ ಗಿರಾಕಿಗಳಿಗೂ ಆರತಿ ಬೆಳಗತೊಡಗಿದರು. ಕೊನೆಗೆ ನಾನೇ ಕೈಯಾರೆ ಬರೆದು ಬಾಗಿಲಿಗೆ ಹಾಕಿದೆ: "ಇಲ್ಲಿ ದೇವರು ಇರುವುದಿಲ್ಲ. ಕೂದಲು ಮಾತ್ರ."

ಅಜ್ಜಿಗೆ ಓದು ಬರುತ್ತಿರಲಿಲ್ಲ. ಆ ಬೋರ್ಡಿಗೂ ಕುಂಕುಮ ಹಚ್ಚಿ ಹೋದಳು.

ಆ ಕೋಣೆ ಈಗ ಬಾಡಿಗೆಯದಲ್ಲ. ಅವ್ವನವರಿಂದ ಖರೀದಿ ಮಾಡಿದ್ದು, ಕಾಗದ ನನ್ನ ಹೆಸರಿನಲ್ಲಿದೆ. ಒಳಗೆ ಮೂರು ಕುರ್ಚಿ, ಗೋಡೆಯಗಲದ ಕನ್ನಡಿ, ಹೊರಗೆ ನನ್ನದೇ ಬೋರ್ಡು. ನನ್ನ ಕೂದಲು ಈಗ ಬೆನ್ನಿನ ತುಂಬ ಇದೆ. ಇದಕ್ಕೆಲ್ಲ ಹೋದದ್ದು ತವರಿನವರು ಕೊಟ್ಟ ಬಂಗಾರದ ಬೋರಮಾಳ ಸರ, ಮತ್ತೆ ನಡುನೆತ್ತಿಯಲ್ಲಿ ಹೆಬ್ಬೆರಳಗಲ ಜಾಗ. ಅಲ್ಲಿ ಸುಟ್ಟ ಕೂದಲು ಮತ್ತೆ ಹುಟ್ಟಲೇ ಇಲ್ಲ.