ಹಿಮ್ಮಡಿಯ ರಿಪೇರಿ

ಎಪ್ಪತ್ತು ದಾಟುವ ತನಕ ನನ್ನ ಹಿಮ್ಮಡಿಯ ಬಗ್ಗೆ ಯಾರೂ ತಕರಾರು ತೆಗೆದಿರಲಿಲ್ಲ. ವಿಜಾಪುರದ ಕಡೆಯ ನೆಲ ತುಳಿದು, ಆಮೇಲೆ ಭಾಂಡುಪಿನ ಚಾಳಿನ ಮೆಟ್ಟಿಲು ಹತ್ತಿಳಿದು ತಯಾರಾದ ಹಿಮ್ಮಡಿ. ಬಿರುಕುಗಳಿದ್ದವು. ಇದ್ದರೇನು? ನಮ್ಮ ಚಾಳಿನ ಗೋಡೆಗೂ ಇವೆ. ಮಳೆಗಾಲದಲ್ಲಿ ಗೋಡೆ ಸೋರುತ್ತದೆ, ನನ್ನ ಹಿಮ್ಮಡಿ ಸೋರುವುದಿಲ್ಲ!

ಅದರ ಹೆಸರು ಕೆಡಿಸಿದವಳು ನನ್ನ ನೆಗೆಣ್ಣಿ ಶಾಂತವ್ವ. ನಮ್ಮವರ ತಮ್ಮನ ಹೆಂಡತಿ, ಅಂಧೇರಿಯಲ್ಲಿ ಲಿಫ್ಟ್ ಇರುವ ಬಿಲ್ಡಿಂಗಿನವಳು. ಲಿಫ್ಟಿನ ಸುದ್ದಿಯನ್ನು ನಾವು ಕೇಳಬೇಕಾಗಿಲ್ಲ, ಅವಳೇ ಹೇಳುತ್ತಾಳೆ. ಅವಳ ಹೊಸ ಮನೆಯ ವಾಸ್ತುಶಾಂತಿಯ ದಿನ ಬಗ್ಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಅವಳು ಎದ್ದಳು, ಸೆರಗು ಏಳಲಿಲ್ಲ. ಜರಿಯ ಎಳೆ ನನ್ನ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು!

"ಅಕ್ಕಾರ, ಇದು ಹಿಮ್ಮಡೀನೋ, ಕೊಬ್ರಿ ತುರಿಯೋ ಮಣೀನೋ?"

ಮನೆ ತುಂಬ ನಗು. ನಮ್ಮ ಯಜಮಾನರದು ಎಲ್ಲರಿಗಿಂತ ಜೋರು.

ಮರೆತು ಬಿಡಬಹುದಿತ್ತು. ಆದರೆ ಮೊಮ್ಮಗಳು ಶ್ರುತಿಯ ನಿಶ್ಚಿತಾರ್ಥ ಹತ್ತಿರ ಬಂದಿತ್ತು, ಬಾಂದ್ರಾದ ದೊಡ್ಡ ಹಾಲ್‌ನಲ್ಲಿ. ಮನೆಗೆ ಹಿರಿಯಳು ನಾನು. ಗಂಡಿನ ಕಡೆಯವರೆಲ್ಲ ಸಾಲಾಗಿ ಬಂದು ನನ್ನ ಕಾಲಿಗೆ ಬೀಳುವವರು. ಮೇಲೆ ಫೋಟೋ, ವಿಡಿಯೋ. ಇಡೀ ಮನೆತನದ ಮಾನ ನನ್ನ ಹಿಮ್ಮಡಿಗೆ ಬಂದು ನಿಂತಿತ್ತು! ಸದರಿ ಹಿಮ್ಮಡಿಯನ್ನು ರಿಪೇರಿ ಮಾಡತಕ್ಕದ್ದೆಂದು ನಾನೇ ಠರಾವು ಪಾಸು ಮಾಡಿದೆ.

"ಡಾಕ್ಟರಗ ತೋರಸು. ನಿನಗ ಸಕ್ಕರಿ ಕಾಯಿಲೆ ಐತಿ," ಅಂದರು ನಮ್ಮವರು.

"ಸಕ್ಕರಿ ಚಾದಾಗ ಹಾಕ್ತೀನ್ರಿ, ಹಿಮ್ಮಡಿಗೆ ಹಾಕಂಗಿಲ್ಲ."

ಪಕ್ಕದ ಖೋಲಿಯ ಮುಮ್ತಾಜ್‌ಬಿ ನಮ್ಮೂರ ಕಡೆಯವಳೇ. ಅವಳು ಉಪಾಯ ಹೇಳಿದಳು. "ಅಕ್ಕಾ, ಮೇಣ ಕರಗಸ್ರಿ, ಸಾಸಿವಿ ಎಣ್ಣಿ ಕೂಡಸ್ರಿ, ಬಿರುಕಿನ್ಯಾಗ ತುಂಬ್ರಿ. ಬೆಣ್ಣಿ ಆಗತೈತಿ ನೋಡ್ರಿ!"

ಮನೆಯಲ್ಲಿ ಸಿಕ್ಕಿದ್ದು ದೀಪಾವಳಿಗೆ ತಂದ ಕೆಂಪು ಮೇಣದಬತ್ತಿ. ಮೇಣ ಮೇಣವೇ, ಬಣ್ಣ ಕಟ್ಟಿಕೊಂಡು ಏನಾಗಬೇಕು? ಗವಂಡಿ ಗೋಡೆಗೆ ಮೆತ್ತಿದ ಹಾಗೆ ಎರಡೂ ಹಿಮ್ಮಡಿಗೆ ಮೆತ್ತಿದೆ. ಮೆತ್ತಿಕೊಂಡು ಸುಮ್ಮನೆ ಕೂಡುವ ಜಾತಿಯವಳಲ್ಲ ನಾನು. ಎದ್ದು ಮನೆಗೆಲಸ ನೋಡಿದೆ. ಬಾಗಿಲಿನಿಂದ ದೇವರ ಮುಂದೆ, ದೇವರಿಂದ ಒಲೆಯ ಮುಂದೆ, ಬಿಳಿ ಟೈಲ್ಸ್ ಮೇಲೆ ಕೆಂಪು ಹೆಜ್ಜೆ!

"ಲಕ್ಷ್ಮೀ ಬಂದಾಳ!" ನಮ್ಮವರು ಕೈ ಮುಗಿದರು.

ಸೊಸೆ ರೇಖಾ ಆಗಷ್ಟೇ ಆಫೀಸಿನಿಂದ ಬಂದಿದ್ದಳು. "ಲಕ್ಷ್ಮೀ ಬರಲಿ ಮಾಮಾ, ಒರಸಾಕ ಯಾರ ಬರ್ತಾರ?"

ಒರೆಸಲು ಲಕ್ಷ್ಮಿಯೇ ಕುಳಿತಳು.

ಹಾಗೆ ನೆಲಕ್ಕೆ ಕುಳಿತಾಗಲೇ ಕಣ್ಣಿಗೆ ಬಿದ್ದದ್ದು ಅಂಗಾಲಿನ ಆಣಿ. ಮೆಡಿಕಲ್ ಅಂಗಡಿಗೆ ಹೋಗಿ ಆಣಿ ಪಟ್ಟಿ ತಂದೆ. ಆಣಿಯನ್ನು ಬುಡಸಮೇತ ತಿಂದು ಹಾಕುವ ಔಷಧ ಅದರಲ್ಲಿರುತ್ತದೆ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ನಾನು ಓದಿದ್ದು ಕನ್ನಡ ಎರಡನೇ ಇಯತ್ತೆ. ಔಷಧದ ಹೊಗಳಿಕೆ ಇರಬೇಕೆಂದುಕೊಂಡೆ. ಒಂದು ಪಟ್ಟಿ ಆಣಿಗೆ ಹಚ್ಚಿದೆ. ಉಳಿದವನ್ನು ವ್ಯರ್ಥ ಮಾಡುವುದೇಕೆ? ಆಣಿ ತಿನ್ನುವ ಔಷಧಕ್ಕೆ ಬಿರುಕು ಯಾವ ಲೆಕ್ಕ? ಎರಡೂ ಹಿಮ್ಮಡಿಗೆ ಹಚ್ಚಿ ಮೇಲೆ ಕಾಲುಚೀಲ ಏರಿಸಿದೆ.

"ಉರೀತೈತೇನ್ರಿ ಅಕ್ಕಾ?" ಮುಮ್ತಾಜ್‌ಬಿ ಕೇಳಿದಳು.

"ಒಂಚೂರೂ ಇಲ್ಲ! ನಮ್ಮ ಕಾಲದ ಚರ್ಮ ಅಂದ್ರ ಏನಂತ ತಿಳದಿ?"

ನಾಲ್ಕಾರು ದಿನ ಕಳೆಯಿತು. ಶ್ರುತಿ ಮೂಗು ಮುಚ್ಚಿಕೊಂಡು ನನ್ನ ಕಾಲುಚೀಲ ಎಳೆದಳು. ಒಳಗೆ ಆಣಿ ಇದ್ದಲ್ಲಿ ಹುಣ್ಣು. ಹಿಮ್ಮಡಿ ನೆನೆಸಿದ ಅವಲಕ್ಕಿಯಂತೆ ಬೆಳ್ಳಗೆ. ಹುಡುಗಿ ಡಬ್ಬಿ ತಿರುಗಿಸಿ ಓದಿದಳು. "ಅಜ್ಜೀ! ಶುಗರ್ ಇದ್ದವ್ರು ಹಚ್ಚಬಾರ್ದು, ಐಸಾ ಲಿಖಾ ಹೈ!"

ಹೊಗಳಿಕೆ ಅದಾಗಿತ್ತು.

ರೇಖಾ ನನ್ನನ್ನು ರಿಕ್ಷಾಕ್ಕೆ ಹಾಕಿಕೊಂಡು ಡಾಕ್ಟರರ ಹತ್ತಿರ ಒಯ್ದಳು. ಅವರು ನೋಡಿ ಹುಬ್ಬು ಗಂಟಿಕ್ಕಿದರು. "ಆಜಿ, ದರ್ದ್ ನಹೀ ಹುವಾ?"

"ಬಿಲ್ಕುಲ್ ನಹೀ!" ಎದೆ ಉಬ್ಬಿಸಿ ಹೇಳಿದೆ.

"ವಹೀ ತೋ ಬೀಮಾರಿ ಹೈ." ನೋವಾಗದಿರುವುದೇ ರೋಗವಂತೆ! ಸಕ್ಕರೆಯಿಂದ ಪಾದ ಜೋಮು ಹಿಡಿದಿದೆ, ಸುಟ್ಟರೂ ಚುಚ್ಚಿದರೂ ಗೊತ್ತಾಗುವುದಿಲ್ಲ ಎಂದರು. ನಾನು ಒಪ್ಪಲಿಲ್ಲ. ಪರೀಕ್ಷೆ ಇಟ್ಟರು. ನಾನು ಕಣ್ಣು ಮುಚ್ಚಬೇಕು, ಅವರು ಪಾದಕ್ಕೆ ಸಣ್ಣ ಎಳೆಯೊಂದನ್ನು ತಾಗಿಸುತ್ತಾರೆ, ಗೊತ್ತಾದಾಗ ಹೇಳಬೇಕು. ಕಣ್ಣು ಮುಚ್ಚಿದೆ.

"ಹಾಂ, ತಾಕಿತು. ಹಾಂ, ಈಗ ಬೆರಳಿಗೆ. ಸ್ವಲ್ಪ ಸಾವಕಾಶ ಚುಚ್ಚರಿ!"

ಕಣ್ಣು ಬಿಟ್ಟರೆ ಡಾಕ್ಟರು ದೂರದಲ್ಲಿ ಕೈ ತೊಳೆಯುತ್ತಿದ್ದರು. "ಆಜಿ, ಮೈನೇ ಅಭೀ ಶುರೂ ಹೀ ನಹೀ ಕಿಯಾ!" ಪರೀಕ್ಷೆ ಇನ್ನೂ ಶುರುವೇ ಆಗಿರಲಿಲ್ಲವಂತೆ!

ರೇಖಾ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಹೆಗಲು ಕುಣಿಯುತ್ತಿದ್ದವು.

ಆದರೆ ಡಾಕ್ಟರು ನಗಲಿಲ್ಲ. ಹುಣ್ಣು ಒಳಗೆ ಇಳಿದರೆ ಬೆರಳು ತೆಗೆಯಬೇಕಾದೀತು, ಕೆಲವರಿಗೆ ಪಾದವೇ ಹೋಗಿದೆ ಎಂದರು. ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಲಗ್ನವಾದ ಮೇಲೆ ನಾನು ಬಾಯಿ ಮುಚ್ಚಿದ್ದು ಅದೇ ಮೊದಲೆಂದು ನಮ್ಮವರು ಹೇಳಿಕೊಂಡು ತಿರುಗುತ್ತಾರೆ.

ಕಾಲಿಗೆ ಹೂಕೋಸಿನಂಥ ಬ್ಯಾಂಡೇಜ್ ಬಂತು. ಅದರ ಮೇಲೆ ಅಗಲವಾದ ನೀಲಿ ಬೂಟು. ಅದಕ್ಕೆ ಲೇಸಿಲ್ಲ, ಚರ್ ಎಂದು ಕೀಳುವ ಅಂಟುಪಟ್ಟಿ. ಪಟ್ಟಿಯ ಒಂದು ಮೈ ಉತ್ತರಾಣಿ ಕಾಯಿಯ ಹಾಗೆ ಮುಳ್ಳುಮುಳ್ಳು. ಬ್ಯಾಂಡೇಜ್ ದಪ್ಪವಾಗಿ ಪಟ್ಟಿ ಪೂರ್ತಿ ಕೂಡದೆ ತುದಿ ಮೇಲಕ್ಕೆದ್ದು ನಿಂತಿತ್ತು.

ನಿಶ್ಚಿತಾರ್ಥದ ದಿನ ಬಂತು. ಮೇಲೆ ಇಳಕಲ್ ಸೀರೆ, ಕೆಳಗೆ ನೀಲಿ ಬೂಟು. ಬೂಟನ್ನು ಆದಷ್ಟು ಕುರ್ಚಿಯ ಕೆಳಗೆ ಸರಿಸಿ ಕುಳಿತೆ. ನಮಸ್ಕಾರದ ಸಾಲು ಬಂತು. ಶ್ರುತಿಯನ್ನು ಮದುವೆಯಾಗುವ ಹುಡುಗ ಅರ್ಧ ಬಗ್ಗಿದ, ನನ್ನ ಮೊಣಕಾಲು ಮುಟ್ಟಿದ, ಹೋದ. ಅವನ ಅಕ್ಕನೂ ಮೊಣಕಾಲು. ಅವನ ದೋಸ್ತರಂತೂ ಗಾಳಿಗೇ ಮುಗಿಸಿದರು. ಈಗಿನವರ ಸೊಂಟ ಅಷ್ಟೇ ಬಗ್ಗುವುದಂತೆ! ಹಿಮ್ಮಡಿ ಇದ್ದರೆಷ್ಟು, ಬಿಟ್ಟರೆಷ್ಟು, ಆ ಕಡೆ ಇಳಿದು ನೋಡಿದವರೇ ಇಲ್ಲ. ಯಾರೂ ನೋಡದ ಜಾಗಕ್ಕೆ ನಾನು ಮೇಣ ಮೆತ್ತಿದ್ದೆ, ಬೆರಳು ಪಣಕ್ಕಿಟ್ಟಿದ್ದೆ!

ಪೂರ್ತಿ ಬಗ್ಗಿದವಳು ಒಬ್ಬಳೇ. ಶಾಂತವ್ವ.

"ಇದೇನ್ ಅಕ್ಕಾರ, ಬೂಟ?" ಎಂದು ಹತ್ತಿರದಿಂದ ನೋಡಲು ಇನ್ನಷ್ಟು ಬಗ್ಗಿದಳು. ಎದ್ದಳು. ಚರ್ರ್! ಹೊಸ ಪೈಠಣಿಯ ಸೆರಗು ಅಂಟುಪಟ್ಟಿಗೆ ಕಚ್ಚಿಕೊಂಡಿತ್ತು. ಅವಳು ಎಳೆದಳು, ನಾನೂ ಕಾಲು ಎಳೆದೆ. ಬೂಟು ಕಳಚಿ ಅವಳ ಸೆರಗಿಗೆ ಜೋತಾಡಿತು. ವಿಡಿಯೋದವನು ಓಡಿ ಬಂದ.

"ಅಕ್ಕಾರ, ನಿಮ್ಮ ಹಿಮ್ಮಡೀನ ಚಲೋ ಇತ್ರೀ!" ಶಾಂತವ್ವ ಅಳುವ ಧ್ವನಿಯಲ್ಲಿ ಅಂದಳು.

ಹುಣ್ಣು ಈಗ ಒಣಗಿದೆ, ಬೆರಳು ಉಳಿದಿದೆ. ಡಾಕ್ಟರ ಅಪ್ಪಣೆಯಂತೆ ದಿನಾ ಬೆಳಿಗ್ಗೆ ಪಾದದ ಕೆಳಗೆ ಕನ್ನಡಿ ಹಿಡಿದು ನೋಡಬೇಕು. ಕನ್ನಡಿ ಹಿಡಿಯುವ ಕೆಲಸ ನಮ್ಮವರದು. ಮೊನ್ನೆ ಕನ್ನಡಿ ನೋಡಿ, ನನ್ನನ್ನು ನೋಡಿ, ಗಂಭೀರವಾಗಿ ಅಂದರು.

"ಹಿಮ್ಮಡಿ ಭಾಳ ಸುಧಾರಿಸ್ಯಾವ."

ನನಗೆ ಖುಷಿಯಾಯಿತು.

"ಇನ್ನ ಮುಖದ್ದ ಏನರ ಮಾಡೂಣು. ಆ ಕೆಂಪು ಮೇಣ ಉಳದೈತೇನು?"