ಭಾನುವಾರ ಮಾತ್ರ ಬಾಗಿಲು ಹಾಕುವ ಕನೆಕ್ಷನ್ ಪೂಲ್‌ಗೆ

ಮಾನ್ಯ ಕನೆಕ್ಷನ್ ಪೂಲ್ ಅವರೇ,

ಕಾಪು ಪೇಟೆಯ ನಮ್ಮ ಸಣ್ಣ ಆಸ್ಪತ್ರೆಯ ಸರ್ವರಿನೊಳಗೆ, ಎರಡು ಫ್ಯಾನುಗಳ ಗಾಳಿಯಲ್ಲಿ ತಾವು ಸುಖವಾಗಿರುವಿರೆಂದು ನಂಬಿ, 2004ರ ಈ ಸೆಕೆಯಲ್ಲಿ ಬೆವರೊರೆಸಿಕೊಳ್ಳುತ್ತ ನಮಸ್ಕಾರ ಸಲ್ಲಿಸುತ್ತೇನೆ. ರೋಗಿಗಳಿಗೆ ನಂಬರ್ ಚೀಟಿ ಕೊಡುವ ಪ್ರೋಗ್ರಾಂ ಬರೆದವನು ನಾನೇ.

ತಮ್ಮನ್ನು ಅರಿಯದವರಿಗಾಗಿ ಒಂದು ಮಾತು. ಯುವಕ ಮಂಡಲದವರು ಮದುವೆಗೆ ಎರವಲು ಕೊಡುವ ಪಾತ್ರೆಗಳಂತೆ ತಮ್ಮ ಬಳಿ ಡೇಟಾಬೇಸಿಗೆ ಹೋಗುವ ಇಪ್ಪತ್ತು ಕನೆಕ್ಷನ್‌ಗಳುಂಟು; ಪ್ರೋಗ್ರಾಂ ಒಂದನ್ನು ಪಡೆದು, ಕೆಲಸ ಮುಗಿಸಿ, ತಂದಿಡಬೇಕು. ವಾರವಿಡೀ ತಮ್ಮದು ಅಚ್ಚುಕಟ್ಟಾದ ವ್ಯವಹಾರ. ಭಾನುವಾರ ಮಾತ್ರ ಹತ್ತೂವರೆಗೇ ಕನೆಕ್ಷನ್ ಮುಗಿಯಿತೆಂದು ಬಾಗಿಲು ಹಾಕುತ್ತೀರಿ. ಇಗರ್ಜಿಯ ಪೂಜೆ ಮುಗಿಸಿ ನೇರವಾಗಿ ಕೌಂಟರಿನ ಕೆಲಸಕ್ಕೆ ಬಂದ, ಚೀಟಿ ಕೊಡುವ ಇಮೆಲ್ಡಾ ಬಾಯಿ, “ಎಂತ ಮಾರಾಯ, ಪುನಃ ನಿಂತಿತು. ಹೊರಗೆ ಜನ ತುಂಬಾ ಉಂಟು” ಎಂದು ಫೋನ್ ಮಾಡುತ್ತಾರೆ. ನಾನು ಮಣಿಪಾಲದಿಂದ ಎರಡು ಬಸ್ ಹಿಡಿದು ಬಂದು ಸರ್ವರ್ ಆರಿಸಿ ಹಚ್ಚಿದೊಡನೆ ತಾವು ಏನೂ ಆಗದವರಂತೆ ಏಳುತ್ತೀರಿ. ಹೀಗೆ ಏಳು ಭಾನುವಾರ.

ಇಪ್ಪತ್ತನ್ನು ಮೂವತ್ತು ಮಾಡಿ ನೋಡಿದೆ; ತಾವು ಹನ್ನೊಂದೂವರೆಗೆ ಮುಚ್ಚಿದಿರಿ. ನನ್ನ ತಿಂಡಿಗೆ ಒಂದು ಗಂಟೆ ಕೊಟ್ಟ ಆ ದೊಡ್ಡ ಮನಸ್ಸಿಗೆ ನಾನು ಋಣಿ. ಇನ್ನು ಮುಂದೆ ರಜೆ ಬೇಕಿದ್ದರೆ ಶನಿವಾರವೇ ಅರ್ಜಿ ಕೊಡಬೇಕೆಂದೂ, ಸಾಧ್ಯವಾದರೆ ಸ್ವಂತ ಪರಿಶ್ರಮದಿಂದ ಇನ್ನೂರಕ್ಕೆ ಬೆಳೆಯಬೇಕೆಂದೂ, ಕನೆಕ್ಷನ್ ಹಿಂದಿರುಗಿಸದವರ ಮನೆಗೆ ಖುದ್ದಾಗಿ ಹೋಗಿ ಕೇಳಬೇಕೆಂದೂ ವಿನಂತಿ.

ಕಳೆದ ಭಾನುವಾರ ತಾವು ಮುಚ್ಚಿಕೊಂಡಾಗ ಸರದಿಯ ತುದಿಯಲ್ಲಿದ್ದವಳು ಯಂಕವ್ವ, ಕಟ್ಟಡ ಕೆಲಸದವಳು. ತೋಳಿನಲ್ಲಿ ಜ್ವರದಿಂದ ಕಣ್ಣು ತೆರೆಯದ ಮಗು. ಕಂಪ್ಯೂಟರ್ ಚೀಟಿಯಿಲ್ಲದೆ ಯಾರನ್ನೂ ಒಳಗೆ ಬಿಡಬಾರದೆಂಬ ನಿಯಮವನ್ನು ಹಟ ಹಿಡಿದು ಮಾಡಿಸಿದವನು ನಾನು. ಇಮೆಲ್ಡಾ ಬಾಯಿ ನಿಯಮವನ್ನು ಬದಿಗಿಟ್ಟು ಮಗುವನ್ನೆತ್ತಿಕೊಂಡು ಡಾಕ್ಟರರ ಕೋಣೆಗೆ ನಡೆದರು. ನಾನು ತಲುಪುವಾಗ ಮಗುವಿಗೆ ಡ್ರಿಪ್ ಹಾಕಿಯಾಗಿತ್ತು. ಸರ್ವರ್ ಆರಿಸಿ ಹಚ್ಚಿ, ಹೆಸರು ದಾಖಲಿಸಲು ಕೂತು ಉಪನಾಮ ಕೇಳಿದೆ.

“ನಮಗ ಹೆಸರು ಒಂದ ಐತ್ರಿ,” ಎಂದಳು ಯಂಕವ್ವ.

ಆ ಜಾಗವನ್ನು ಖಾಲಿ ಬಿಟ್ಟೆ. ಚೀಟಿ ಬಂತು, ತಮ್ಮಲ್ಲಿ ಒಂದು ಕನೆಕ್ಷನ್ ಕಡಿಮೆಯಾಯಿತು. ಉಪನಾಮವಿಲ್ಲದಿದ್ದರೆ ನನ್ನ ಪ್ರೋಗ್ರಾಂ ಚೀಟಿ ಕೊಟ್ಟು, ಅಲ್ಲೇ ಎಡವಿ, ಪಡೆದದ್ದನ್ನು ತಂದಿಡದೆ ಹೊರಟುಹೋಗುತ್ತಿತ್ತು. ಉಳಿದ ದಿನ ಅಂಥವರು ನಾಲ್ಕೈದು ಮಂದಿ; ಸಂಜೆ ಸರ್ವರ್ ಆರಿಸಿದರೆ ಎಲ್ಲ ಸರಿ. ಕಟ್ಟಡದ ಕೆಲಸದವರಿಗೆ ಬಿಡುವಿರುವುದು ಭಾನುವಾರ; ಅಂದು ಅವರೆಲ್ಲ ಬಂದು ಬೆಳಿಗ್ಗೆಯೇ ಇಪ್ಪತ್ತೂ ಮುಗಿಯುತ್ತಿತ್ತು. ಶೆಟ್ಟಿ, ಕೋಟ್ಯಾನ್, ಡಿಸೋಜ ಎಂದು ಏನೂ ಅಂಟಿಸಿಕೊಳ್ಳದೆ ಮನುಷ್ಯರು ಬದುಕಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ತಿದ್ದಲು ಬೇಕಾದದ್ದು ಎರಡು ಸಾಲು. ಮಗು ಮಂಗಳವಾರ ಮನೆಗೆ ಹೋಯಿತು.

ತಾವು ನಿರಪರಾಧಿ ಎಂದು ಈ ಮೂಲಕ ಬಹಿರಂಗವಾಗಿ ಒಪ್ಪುತ್ತ, ಮೇಲಿನ ಬೈಗುಳಗಳನ್ನೆಲ್ಲ ನನ್ನ ವಿಳಾಸಕ್ಕೆ ತಿರುಗಿಸಿಕೊಳ್ಳುವ,

ತಮ್ಮ ವಿಶ್ವಾಸಿ,
ಜಿತೇಶ್ ಕೋಟ್ಯಾನ್

ತಾ.ಕ.: ಕನೆಕ್ಷನ್ ಹಿಂದೆ ಬಾರದ ಪ್ರತಿಯೊಂದು ಹೆಸರನ್ನೂ ತಾವು ಏಳು ವಾರವೂ ತಪ್ಪದೆ ಲಾಗ್ ಫೈಲಿನಲ್ಲಿ ಬರೆದಿಟ್ಟಿದ್ದೀರಿ, ನಾನು ತೆರೆದು ಓದಿದ್ದು ಮೊನ್ನೆ. ಆದರೆ ತಾವು ಬಾಗಿಲು ಹಾಕಿದ ಮೇಲೆ ಬಂದು, ನನ್ನ ಎರಡು ಬಸ್ಸುಗಳಿಗಾಗಿ ಕಾದು, ಡಾಕ್ಟರರನ್ನು ಕಾಣದೆ ಹಿಂದಿರುಗಿದವರ ಹೆಸರು ಅದರಲ್ಲಿಲ್ಲ. ಆ ಹೆಸರುಗಳು ಇಮೆಲ್ಡಾ ಬಾಯಿಗೆ ಗೊತ್ತು. ಅವರನ್ನು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.